ಕ್ಯೂಬಾ 1962: ಪತ್ರಿಕೆ ಓದಿ ಯುದ್ಧ ಅಳೆದವರು

1962ರ ಅಕ್ಟೋಬರ್ 25, ಗುರುವಾರ. ಅಂದು ಬೆಳಿಗ್ಗೆ ವಾಷಿಂಗ್ಟನ್ನಿನಲ್ಲಿ ಪತ್ರಿಕೆ ಬಿಡಿಸಿದವರ ಕಣ್ಣಿಗೆ ವಾಲ್ಟರ್ ಲಿಪ್‌ಮನ್ ಅವರ ಅಂಕಣ ಬಿತ್ತು. ಕ್ಯೂಬಾದಲ್ಲಿರುವ ಸೋವಿಯತ್ ಕ್ಷಿಪಣಿಗಳನ್ನು ತೆಗೆಸಬೇಕೆಂದರೆ ತುರ್ಕಿಯಲ್ಲಿರುವ ಅಮೆರಿಕದ ಕ್ಷಿಪಣಿಗಳನ್ನೂ ತೆಗೆಯಬಹುದಲ್ಲ ಎಂಬ ಸಲಹೆ ಅದರಲ್ಲಿತ್ತು. ಅದೇ ದಿನ ಮಾಸ್ಕೋದಲ್ಲಿ, ಕಮ್ಯುನಿಸ್ಟ್ ಪಕ್ಷದ ಮುಖವಾಣಿ 'ಪ್ರಾವ್ದಾ' ಭಾರತ-ಚೀನಾ ಗಡಿಯ ಬಗ್ಗೆ ಸಂಪಾದಕೀಯ ಬರೆದು, ಮ್ಯಾಕ್‌ಮಹೊನ್ ರೇಖೆಯನ್ನು ಬ್ರಿಟಿಷ್ ಸಾಮ್ರಾಜ್ಯಶಾಹಿಯ ಪಳೆಯುಳಿಕೆ ಎಂಬಂತೆ ಚಿತ್ರಿಸಿತು. ಅದೇ ದಿನ ದೆಹಲಿಯಲ್ಲಿ ಪ್ರಧಾನಿ ನೆಹರೂ ರಾಜ್ಯಗಳ ವಾರ್ತಾ ಸಚಿವರೆದುರು ಮಾತನಾಡುತ್ತಾ, ನಾವು ಜಗತ್ತಿನ ವಾಸ್ತವವನ್ನು ಮರೆತು ನಾವೇ ಕಟ್ಟಿಕೊಂಡ ಕೃತಕ ವಾತಾವರಣದಲ್ಲಿ ಬದುಕುತ್ತಿದ್ದೆವು ಎಂದು ಒಪ್ಪಿಕೊಂಡರು.

ಮೂರು ರಾಜಧಾನಿಗಳು, ಮೂರು ಮಾತುಗಳು. ಮೂರಕ್ಕೂ ಸಂಬಂಧವಿತ್ತು. ಆ ವಾರ ಜಗತ್ತು ಅಣ್ವಸ್ತ್ರ ಯುದ್ಧದ ಅಂಚಿಗೆ ಬಂದು ನಿಂತಿತ್ತು. ಎರಡು ಮಹಾಶಕ್ತಿಗಳ ನಾಯಕರ ನಡುವೆ ಒಂದು ನೇರ ದೂರವಾಣಿಯೂ ಇರಲಿಲ್ಲ. ಎದುರಾಳಿಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಅವರಿಬ್ಬರೂ ಓದುತ್ತಿದ್ದುದು, ನಾವು ನೀವು ಓದುವ ಹಾಗೆಯೇ, ಪತ್ರಿಕೆ! ಹಾಗೆ ಓದಿದ್ದರಲ್ಲಿ ಸರಿ ಎಷ್ಟು, ತಪ್ಪು ಎಷ್ಟು ಎಂಬುದು ಪೂರ್ತಿಯಾಗಿ ಹೊರಬರಲು ಮೂವತ್ತು ವರ್ಷಗಳೇ ಬೇಕಾದವು.

ಹಾಸಿಗೆಯ ಪಕ್ಕದ ಪತ್ರಿಕೆ

ಅಕ್ಟೋಬರ್ 14ರಂದು ಅಮೆರಿಕದ ಯು-2 ಬೇಹು ವಿಮಾನವೊಂದು ಕ್ಯೂಬಾದ ಮೇಲೆ ಹಾರಿ ಚಿತ್ರಗಳನ್ನು ತೆಗೆದಿತ್ತು. ಅವುಗಳನ್ನು ಪರೀಕ್ಷಿಸಿದ ತಜ್ಞರಿಗೆ ಮರುದಿನ ಸೋವಿಯತ್ ಕ್ಷಿಪಣಿ ನೆಲೆಗಳು ಕಂಡವು. ರಾಷ್ಟ್ರೀಯ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಆ ರಾತ್ರಿ ಅಧ್ಯಕ್ಷರ ನಿದ್ದೆ ಕೆಡಿಸಲಿಲ್ಲ. 16ರ ಬೆಳಿಗ್ಗೆ ಶ್ವೇತಭವನದ ಮಲಗುವ ಕೋಣೆಗೆ ಹೋದಾಗ ಜಾನ್ ಕೆನಡಿ ಇನ್ನೂ ಮನೆಯುಡುಪಿನಲ್ಲೇ ಪತ್ರಿಕೆಗಳನ್ನು ನೋಡುತ್ತಿದ್ದರು. ಅಂದಿನ 'ನ್ಯೂಯಾರ್ಕ್ ಟೈಮ್ಸ್' ಮುಖಪುಟದಲ್ಲಿ ಮಾಜಿ ಅಧ್ಯಕ್ಷ ಐಸೆನ್‌ಹೋವರ್ ಹೇಳಿಕೆಯೊಂದಿತ್ತು: ವಿದೇಶಾಂಗ ನೀತಿಯಲ್ಲಿ ಈ ಅಧ್ಯಕ್ಷರು ದುರ್ಬಲರು!

ಕಾಕತಾಳೀಯವೇ ಇರಬಹುದು. ಆದರೆ ಆ ಶೀರ್ಷಿಕೆಯನ್ನು ಬಿಟ್ಟು ಈ ಕಥೆಯನ್ನು ಹೇಳಲಾಗದು. 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಬೇ ಆಫ್ ಪಿಗ್ಸ್ ತೀರದಲ್ಲಿ ಸಿ.ಐ.ಎ. ನಡೆಸಿದ ದಾಳಿ ನೆಲಕಚ್ಚಿತ್ತು. ಎರಡು ತಿಂಗಳ ನಂತರ ವಿಯೆನ್ನಾದಲ್ಲಿ ನಿಕಿಟಾ ಕ್ರುಶ್ಚೇವ್ ಈ ಯುವ ಅಧ್ಯಕ್ಷರನ್ನು ಮಾತಿನಲ್ಲೇ ಹಣ್ಣು ಮಾಡಿದ್ದರು. ಕ್ಯೂಬಾದಲ್ಲಿ ಕ್ಷಿಪಣಿಗಳಿವೆ ಎಂದು ಸೆನೆಟರ್ ಕೆನೆತ್ ಕೀಟಿಂಗ್ ಅಕ್ಟೋಬರ್ 10ರಂದೇ ಸಾರಿದ್ದರು. ನವೆಂಬರ್‌ನಲ್ಲಿ ಸಂಸತ್ ಚುನಾವಣೆ ಬೇರೆ ಇತ್ತು. ಹೀಗಾಗಿ ಕೆನಡಿಯವರ ಮುಂದೆ ಇದ್ದುದು ಕೇವಲ ಸೈನಿಕ ಪ್ರಶ್ನೆಯಲ್ಲ. ತಾನು ದುರ್ಬಲ ಎಂದು ಯಾರ್ಯಾರು ಓದಿಕೊಳ್ಳುತ್ತಾರೆ ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆಯಾಗಿತ್ತು.

ಅಧಿಕಾರದ ಅಳತೆಗೋಲನ್ನು ಪತ್ರಿಕೆಗಳೇ ತಯಾರಿಸಿದ ಉದಾಹರಣೆ ಇದಕ್ಕೂ ಮುಂಚೆಯೇ ಇತ್ತು. 1950ರ ದಶಕದ ಕೊನೆಯಲ್ಲಿ ಜೋಸೆಫ್ ಆಲ್ಸಪ್ ಎಂಬ ಪ್ರಭಾವಿ ಅಂಕಣಕಾರರು, ಕ್ಷಿಪಣಿಗಳ ಲೆಕ್ಕದಲ್ಲಿ ರಷ್ಯನ್ನರು ಬಹಳ ಮುಂದಿದ್ದಾರೆ ಎಂದು ಬರೆದದ್ದೇ ಬರೆದದ್ದು. ಕೆನಡಿ ಅದನ್ನು 1960ರ ಚುನಾವಣಾ ಪ್ರಚಾರದಲ್ಲಿ ಚೆನ್ನಾಗಿ ಬಳಸಿಕೊಂಡರು. ಗೆದ್ದ ಮೇಲೆ ಉಪಗ್ರಹ ಚಿತ್ರಗಳನ್ನು ನೋಡಿದರೆ ಲೆಕ್ಕ ತಿರುಗುಮುರುಗು. ಮುಂದಿದ್ದದ್ದು ಅಮೆರಿಕ! ಖಂಡಾಂತರ ಕ್ಷಿಪಣಿಗಳು ಸೋವಿಯತ್ ಒಕ್ಕೂಟದ ಬಳಿ ಬೆರಳೆಣಿಕೆಯಷ್ಟಿದ್ದವು. ಈ ಗುಟ್ಟು ತನ್ನ ಎದುರಾಳಿಗೆ ತಿಳಿದುಹೋಗಿದೆ ಎಂಬುದು ಕ್ರುಶ್ಚೇವ್‌ಗೂ ಗೊತ್ತಾಯಿತು. ದೂರ ಹೋಗುವ ಕ್ಷಿಪಣಿ ಇಲ್ಲದಿದ್ದರೇನು, ಹತ್ತಿರ ಹೋಗುವ ಕ್ಷಿಪಣಿಯನ್ನೇ ಒಯ್ದು ಫ್ಲಾರಿಡಾದ ಪಕ್ಕದಲ್ಲಿಟ್ಟರಾಯಿತು ಎಂಬ ಯೋಚನೆ ಅವರ ತಲೆಗೆ ಬಂದ ಕಾರಣಗಳಲ್ಲಿ ಇದೂ ಒಂದು. ಕ್ಯೂಬಾವನ್ನು ಮತ್ತೊಂದು ದಾಳಿಯಿಂದ ಕಾಪಾಡುವುದು ಇನ್ನೊಂದು ಕಾರಣ.

ತುರ್ಕಿಯಲ್ಲಿ ಅಮೆರಿಕ 15 'ಜೂಪಿಟರ್' ಕ್ಷಿಪಣಿಗಳನ್ನು ನಿಲ್ಲಿಸಿತ್ತು. ಅವು ಸೋವಿಯತ್ ನೆಲಕ್ಕೆ ಗುರಿಯಿಟ್ಟಿದ್ದವು. ಇದು ಅಮೆರಿಕದ ಅಧ್ಯಕ್ಷರಿಗೇ ಮರೆತಂತಿತ್ತು. ಮೊದಲ ದಿನದ ಸಭೆಯಲ್ಲೇ ಕೆನಡಿ, ಇದು ನಾವು ಹೋಗಿ ತುರ್ಕಿಯಲ್ಲಿ ಕ್ಷಿಪಣಿ ಇಟ್ಟ ಹಾಗಾಯಿತಲ್ಲ, ಎಷ್ಟು ಅಪಾಯಕಾರಿ ಎಂದು ಉದ್ಗರಿಸಿದರು. ನಾವು ಇಟ್ಟಿದ್ದೇವೆ ಸ್ವಾಮಿ ಎಂದು ಬಂಡಿ ನೆನಪಿಸಬೇಕಾಯಿತು. ಅಧ್ಯಕ್ಷರು ಗುಟ್ಟಾಗಿ ಇರಿಸಿದ್ದ ಧ್ವನಿಮುದ್ರಣ ಯಂತ್ರ ಈ ಮಾತುಕತೆಯನ್ನು ಹಿಡಿದಿಟ್ಟುಕೊಂಡಿತು.

ಮ್ಯೂನಿಕ್, ಪರ್ಲ್ ಹಾರ್ಬರ್, 1914

ಹೊಸ ಗಂಡಾಂತರ ಎದುರಾದಾಗ ಮನುಷ್ಯ ಹಳೆಯದರಲ್ಲಿ ಹೋಲಿಕೆ ಹುಡುಕುತ್ತಾನೆ. ಶ್ವೇತಭವನದ ಆ ಕೋಣೆಯಲ್ಲಿ ಹದಿಮೂರು ದಿನವೂ ನಡೆದದ್ದು ಒಂದು ಬಗೆಯ ಹೋಲಿಕೆಗಳ ಕುಸ್ತಿ. ವಾಯುಪಡೆ ಮುಖ್ಯಸ್ಥ ಕರ್ಟಿಸ್ ಲೆಮೆ ಅಕ್ಟೋಬರ್ 19ರಂದು, ಕೂಡಲೇ ಬಾಂಬ್ ಹಾಕದೆ ದಿಗ್ಬಂಧನ ಹಾಕಿ ಕೂರುವುದು ಮ್ಯೂನಿಕ್‌ನ ಶರಣಾಗತಿಯಷ್ಟೇ ಕೆಟ್ಟದ್ದು ಎಂದು ಅಧ್ಯಕ್ಷರ ಮುಖಕ್ಕೇ ಹೇಳಿದರು. 1938ರಲ್ಲಿ ಬ್ರಿಟನ್ನಿನ ಪ್ರಧಾನಿ ಚೇಂಬರ್ಲೇನ್ ಮ್ಯೂನಿಕ್‌ನಲ್ಲಿ ಹಿಟ್ಲರನಿಗೆ ತಲೆಬಾಗಿದ್ದ ಪ್ರಸಂಗ ಅದು. ಆ ಕಾಲದಲ್ಲಿ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದು ಚೇಂಬರ್ಲೇನ್‌ರನ್ನು ಬೆಂಬಲಿಸಿದವರು ಯಾರು? ಕೆನಡಿಯವರ ತಂದೆ! ಮಗ ಅದೇ ವಿಷಯದ ಮೇಲೆ 1940ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದರು. ಲೆಮೆ ಚುಚ್ಚಿದ್ದು ಎಲ್ಲಿಗೆ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥವಾಗಿರಲೇಬೇಕು.

ಅಧ್ಯಕ್ಷರ ತಮ್ಮ, ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೆ ಹೊಳೆದದ್ದು ಬೇರೆ ಹೋಲಿಕೆ. ಪರ್ಲ್ ಹಾರ್ಬರ್ ಮೇಲಿನ ದಾಳಿಯನ್ನು ಯೋಜಿಸುವಾಗ ಜಪಾನಿನ ಟೋಜೋಗೆ ಏನನಿಸಿರಬಹುದು ಎಂಬುದು ಈಗ ಗೊತ್ತಾಯಿತು ಎಂದು ಆತ ಸಭೆಯಲ್ಲಿ ಚೀಟಿ ಬರೆದರು. ಪುಟ್ಟ ದೇಶವೊಂದರ ಮೇಲೆ ಮುನ್ಸೂಚನೆಯಿಲ್ಲದೆ ಬಾಂಬ್ ಸುರಿಸಿದರೆ ನಾವೂ ಅದೇ ಸಾಲಿಗೆ ಸೇರುವುದಿಲ್ಲವೇ ಎಂಬುದು ಇದರ ಇಂಗಿತ. ಇದನ್ನು ಒಪ್ಪದ ಹಿರಿಯರೂ ಅಲ್ಲಿದ್ದರು.

ಅಧ್ಯಕ್ಷರ ತಲೆಯಲ್ಲಿದ್ದದ್ದು ಮಾತ್ರ ಮೂರನೆಯ ಹೋಲಿಕೆ. ಆ ವರ್ಷವಷ್ಟೇ ಪ್ರಕಟವಾಗಿದ್ದ ಬಾರ್ಬರಾ ಟಕ್‌ಮನ್ ಅವರ 'ದಿ ಗನ್ಸ್ ಆಫ್ ಆಗಸ್ಟ್' ಪುಸ್ತಕವನ್ನು ಕೆನಡಿ ಓದಿದ್ದರು. 1914ರ ಆಗಸ್ಟ್‌ನಲ್ಲಿ ಯೂರೋಪಿನ ದೊರೆಗಳು, ಮಂತ್ರಿಗಳು, ಸೇನಾಪತಿಗಳು ಯಾರಿಗೂ ಪೂರ್ತಿ ಬೇಕಿರದ ಯುದ್ಧಕ್ಕೆ ಹೇಗೆ ಜಾರಿಬಿದ್ದರು ಎಂಬ ಕಥನ ಅದು. ಟಕ್‌ಮನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಲ್ಲ. ಪತ್ರಿಕೋದ್ಯಮದಿಂದ ಬಂದ ಲೇಖಕಿ. ಸ್ಪೇನಿನ ಅಂತರ್ಯುದ್ಧದ ಬಗ್ಗೆ ವರದಿ ಮಾಡಿದ್ದಾಕೆ. ಮುಂದೊಂದು ದಿನ ಯಾರೋ ಈ ಅಕ್ಟೋಬರ್ ಬಗ್ಗೆಯೂ ಅಂಥದೇ ಪುಸ್ತಕ ಬರೆಯುವ ಪರಿಸ್ಥಿತಿ ತರಲಾರೆ ಎಂದು ಅಣ್ಣ ಹೇಳಿದ್ದಾಗಿ ರಾಬರ್ಟ್ ಕೆನಡಿ ನೆನೆದಿದ್ದಾರೆ. ಮೂರು ಹೋಲಿಕೆಗಳಲ್ಲಿ ಮ್ಯೂನಿಕ್ ಗೆದ್ದಿದ್ದರೆ ಅಂದೇ ಬಾಂಬ್ ದಾಳಿಯಾಗುತ್ತಿತ್ತು. ಸ್ವಲ್ಪ ಕಾಲ ಕೊಡುವ ನೌಕಾ ದಿಗ್ಬಂಧನದತ್ತ ತಕ್ಕಡಿ ವಾಲುವುದರಲ್ಲಿ ಉಳಿದೆರಡರ ಪಾಲೂ ಇತ್ತು. ತಮಾಷೆಯೆಂದರೆ, 22ರ ಸಂಜೆ ದೇಶವನ್ನುದ್ದೇಶಿಸಿ ಮಾಡಿದ ಭಾಷಣದಲ್ಲಿ ಕೆನಡಿ ಬಳಸಿದ್ದು 1930ರ ದಶಕದ ಪಾಠವನ್ನೇ. ಜನರ ಮುಂದೆ ಮ್ಯೂನಿಕ್, ಒಳಮನೆಯಲ್ಲಿ 1914!

ಬರೆಯದೆ ಬಿಟ್ಟ ಸುದ್ದಿ

ಭಾಷಣಕ್ಕೆ ಮೊದಲೇ ಪತ್ರಕರ್ತರಿಗೆ ವಾಸನೆ ಬಡಿದಿತ್ತು. 'ನ್ಯೂಯಾರ್ಕ್ ಟೈಮ್ಸ್'ನ ಜೇಮ್ಸ್ ರೆಸ್ಟನ್ ಬಹುಪಾಲು ಊಹಿಸಿಬಿಟ್ಟಿದ್ದರು. ಭಾನುವಾರ, ಅಂದರೆ 21ರಂದು, ಕೆನಡಿ ಆ ಪತ್ರಿಕೆಯ ಪ್ರಕಾಶಕರಿಗೂ 'ವಾಷಿಂಗ್ಟನ್ ಪೋಸ್ಟ್' ಪ್ರಕಾಶಕರಿಗೂ ಸ್ವತಃ ದೂರವಾಣಿ ಮಾಡಿ ವಿವರಗಳನ್ನು ತಡೆಹಿಡಿಯುವಂತೆ ಕೇಳಿಕೊಂಡರು. ಪತ್ರಿಕೆಗಳು ತಡೆಹಿಡಿದವು.

ಸರಿಯೋ ತಪ್ಪೋ? ಒಂದೂವರೆ ವರ್ಷದ ಹಿಂದೆ ಬೇ ಆಫ್ ಪಿಗ್ಸ್ ದಾಳಿಯ ಸಿದ್ಧತೆಯ ಬಗ್ಗೆ 'ಟೈಮ್ಸ್' ವರದಿಗಾರ ಟ್ಯಾಡ್ ಶುಲ್ಕ್ ಬರೆದ ಸುದ್ದಿಯನ್ನು ಅದೇ ಪತ್ರಿಕೆ ತೆಳು ಮಾಡಿ ಅಚ್ಚು ಹಾಕಿತ್ತು. ದಾಳಿ ಮಣ್ಣುಮುಕ್ಕಿದ ಮೇಲೆ ಇದೇ ಕೆನಡಿ, ನೀವು ಇನ್ನಷ್ಟು ಬರೆದಿದ್ದರೆ ನಾವು ದೊಡ್ಡ ತಪ್ಪಿನಿಂದ ಪಾರಾಗುತ್ತಿದ್ದೆವು ಎಂದು ಸಂಪಾದಕ ಟರ್ನರ್ ಕ್ಯಾಟ್ಲೆಜ್ ಬಳಿ ಹೇಳಿದ್ದರು. ಈ ಬಾರಿ ಮೌನ ಬೇಕೆಂದೂ ಅವರೇ ಕೇಳಿದರು. ಆಳುವವರಿಗೆ ಪತ್ರಿಕೆಯ ಧೈರ್ಯ ನೆನಪಾಗುವುದು ಸಾಮಾನ್ಯವಾಗಿ ಕೆಲಸ ಕೆಟ್ಟ ಮೇಲೆ. ಆದರೂ ಆ ಒಂದು ದಿನದ ಮೌನ ಎರಡೂ ಕಡೆಯವರಿಗೆ ಯೋಚಿಸಲು ಸಮಯ ಕೊಟ್ಟಿತು ಎಂಬುದನ್ನು ಅಲ್ಲಗಳೆಯಲಾಗದು.

24ರ ಬೆಳಿಗ್ಗೆ ದಿಗ್ಬಂಧನ ಜಾರಿಗೆ ಬಂತು. ಸೋವಿಯತ್ ಹಡಗುಗಳು ನಡುಗಡಲಲ್ಲಿ ನಿಂತವು ಅಥವಾ ಹಿಂದಿರುಗಿದವು ಎಂಬ ವಾರ್ತೆ ಸಭೆಗೆ ಬಂದಾಗ ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್, ಕಣ್ಣಿಗೆ ಕಣ್ಣಿಟ್ಟು ನೋಡುತ್ತಿದ್ದೆವು, ಎದುರಿನವನು ಈಗ ರೆಪ್ಪೆ ಬಡಿದ ಎಂಬರ್ಥದಲ್ಲಿ ಪಿಸುಗುಟ್ಟಿದರು. ಮುಂದೆ ಆ ಮಾತು ಪತ್ರಿಕೆಗಳಿಗೂ, ಪಠ್ಯಪುಸ್ತಕಗಳಿಗೂ ಹೋಯಿತು. ವಾಸ್ತವವೇನೆಂದರೆ, ಕ್ಷಿಪಣಿ ಹೊತ್ತ ಹಡಗುಗಳಿಗೆ ಹಿಂದಿರುಗಲು ಹಿಂದಿನ ದಿನವೇ ಅಪ್ಪಣೆಯಾಗಿತ್ತು. ರಸ್ಕ್ ಪಿಸುಗುಟ್ಟಿದ ಹೊತ್ತಿಗೆ ಅವು ದಿಗ್ಬಂಧನದ ರೇಖೆಯಿಂದ ನೂರಾರು ಮೈಲಿ ದೂರದಲ್ಲಿದ್ದವು. ಅಮೆರಿಕನ್ ಪತ್ರಕರ್ತ ಮೈಕೆಲ್ ಡಾಬ್ಸ್ ದಾಖಲೆಗಳನ್ನು ಜಾಲಾಡಿ 2008ರಲ್ಲಿ ಇದನ್ನು ತೋರಿಸಿಕೊಟ್ಟರು. ಕಣ್ಣಿಗೆ ಕಣ್ಣು ತಾಗುವಷ್ಟು ಹತ್ತಿರ ಯಾರೂ ಇರಲಿಲ್ಲ.

ಅಂಕಣ, ಬಾರು, ಊಟದ ಮೇಜು

ಇನ್ನು ಲಿಪ್‌ಮನ್ ಅಂಕಣಕ್ಕೆ ಬರೋಣ. ಲಿಪ್‌ಮನ್ ಆಗ 73ರ ಹಿರಿಯ. ಸಾಮಾನ್ಯ ಅಂಕಣಕಾರರಲ್ಲ. 'ಶೀತಲ ಸಮರ' ಎಂಬ ಮಾತು ಮನೆಮಾತಾದದ್ದು 1947ರ ಅವರ ಪುಸ್ತಕದಿಂದ. ಜನರು ಪ್ರತಿಕ್ರಿಯಿಸುವುದು ನಿಜವಾದ ಜಗತ್ತಿಗಲ್ಲ, ತಮ್ಮ ತಲೆಯೊಳಗಿನ ಅದರ ಚಿತ್ರಕ್ಕೆ ಎಂದು ಅವರು 1922ರಲ್ಲೇ ವಾದಿಸಿದ್ದರು. 1961ರ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದ ದಂಡೆಯ ವಿಶ್ರಾಂತಿಧಾಮಕ್ಕೇ ಹೋಗಿ ಕ್ರುಶ್ಚೇವ್‌ರನ್ನು ಸಂದರ್ಶಿಸಿ ಬಂದಿದ್ದರು. ಹೀಗಾಗಿ ಅವರು ಬರೆದದ್ದನ್ನು ಮಾಸ್ಕೋದವರು ಗಮನವಿಟ್ಟು ಓದುತ್ತಿದ್ದರು.

ಮಾಸ್ಕೋದಲ್ಲಿ ಪತ್ರಿಕೆಯೆಂದರೆ ಸರ್ಕಾರ, ಸರ್ಕಾರವೆಂದರೆ ಪತ್ರಿಕೆ. 'ಪ್ರಾವ್ದಾ'ದಲ್ಲಿ ಒಂದು ವಾಕ್ಯ ಬಂದರೆ ಅದು ಮೇಲಿನವರ ಮನಸ್ಸು. ಅದೇ ಕನ್ನಡಕದಿಂದ ಅವರು ವಾಷಿಂಗ್ಟನ್ನಿನ ಪತ್ರಿಕೆಯನ್ನೂ ಓದಿದರು. ಶ್ವೇತಭವನಕ್ಕೆ ಇಷ್ಟು ಹತ್ತಿರದ ಲಿಪ್‌ಮನ್ ತುರ್ಕಿಯ ಮಾತೆತ್ತಿದ್ದಾರೆಂದರೆ ಅದು ಕೆನಡಿ ಹಾರಿಬಿಟ್ಟ ಗಾಳಿಪಟವೇ ಇರಬೇಕು! ಅಂಕಣವನ್ನು ಅಧ್ಯಕ್ಷರು ಬರೆಸಿದ್ದರು ಎಂಬುದಕ್ಕೆ ಪುರಾವೆಯಿಲ್ಲ. ಆದರೆ ಎರಡೇ ದಿನಗಳಲ್ಲಿ, 27ರಂದು, ಕ್ರುಶ್ಚೇವ್ ತುರ್ಕಿಯ ಕ್ಷಿಪಣಿಗಳನ್ನು ತೆಗೆಯಬೇಕೆಂಬ ಬೇಡಿಕೆಯನ್ನು ಮಾಸ್ಕೋ ರೇಡಿಯೊದಲ್ಲಿ ಬಿತ್ತರಿಸಿದರು. ಸೋವಿಯತ್ ಕಡತಗಳನ್ನು ನೋಡಿದ ಇತಿಹಾಸಕಾರರಾದ ಫರ್ಸೆಂಕೊ ಮತ್ತು ನಫ್ತಾಲಿ, ಈ ಬೇಡಿಕೆಯ ಹಿಂದೆ ಲಿಪ್‌ಮನ್ ಅಂಕಣದ ನೆರಳಿದೆ ಎನ್ನುತ್ತಾರೆ.

ಅವರೇ ಬೆಳಕಿಗೆ ತಂದ ಇನ್ನೊಂದು ಪ್ರಸಂಗ ಪತ್ತೇದಾರಿ ಕಾದಂಬರಿಯಂತಿದೆ. 24ರ ರಾತ್ರಿ ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್ಬಿನ ಬಾರಿನಲ್ಲಿ 'ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್'ನ ಇಬ್ಬರು ಪತ್ರಕರ್ತರು ಮಾತನಾಡುತ್ತಿದ್ದರು. ಕ್ಯೂಬಾ ಮೇಲೆ ದಾಳಿಯಾದರೆ ಸೈನ್ಯದ ಜೊತೆ ಹೋಗಬೇಕಾದ ವರದಿಗಾರರ ಪಟ್ಟಿಯಲ್ಲಿ ಅವರಲ್ಲೊಬ್ಬರಾದ ವಾರನ್ ರೋಜರ್ಸ್ ಹೆಸರಿತ್ತು. ಗ್ಲಾಸು ತುಂಬುತ್ತಿದ್ದವನು ರಷ್ಯಾ ಮೂಲದವನು. ಅವನ ಕಿವಿಗೆ ಬಿದ್ದದ್ದು ಸೋವಿಯತ್ ಸುದ್ದಿಸಂಸ್ಥೆ 'ತಾಸ್'ನ ಪ್ರತಿನಿಧಿಗೆ, ಅಲ್ಲಿಂದ ರಾಯಭಾರ ಕಚೇರಿಗೆ, ಅಲ್ಲಿಂದ ಮಾಸ್ಕೋಗೆ ಹೋಯಿತು. ಖಚಿತಪಡಿಸಿಕೊಳ್ಳಲು ಸೋವಿಯತ್ ರಾಜತಾಂತ್ರಿಕರೊಬ್ಬರು ರೋಜರ್ಸ್‌ರನ್ನು ಮಧ್ಯಾಹ್ನದ ಊಟಕ್ಕೂ ಕರೆದರು. ಕೆನಡಿ ಕೈ ಎತ್ತೇಬಿಟ್ಟಿದ್ದಾರೆ, ಇನ್ನು ಹೊಡೆಯುವುದೊಂದೇ ಬಾಕಿ ಎಂಬ ಅಭಿಪ್ರಾಯ ಅಲ್ಲಿಯೂ ಸಿಕ್ಕಿತು. ವರದಿಗಾರನೊಬ್ಬ ಬಾರಿನಲ್ಲಿ ಕೂತು ಆಡಿದ ಮಾತು ಕ್ರೆಮ್ಲಿನ್‌ನ ಮೇಜಿನ ಮೇಲೆ ಗುಪ್ತಚರ ವರದಿಯಾಗಿ ಕೂತಿತು! 26ರಂದು ಕ್ರುಶ್ಚೇವ್ ಬರೆದ ಪತ್ರದಲ್ಲಿ ಬಿಗುಪು ಇಳಿದಿತ್ತು. ಕ್ಯೂಬಾ ಮೇಲೆ ದಾಳಿ ಮಾಡುವುದಿಲ್ಲವೆಂದು ಮಾತು ಕೊಡಿ, ಕ್ಷಿಪಣಿಗಳ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ ಎಂಬ ಧಾಟಿ. ಬಾರಿನ ಸುದ್ದಿಯೊಂದೇ ಇದಕ್ಕೆ ಕಾರಣವೆಂದರೆ ಅತಿಯಾದೀತು. ಅಮೆರಿಕದ ಸೇನೆಯ ಸಜ್ಜುಗಾರಿಕೆಯ ಬಗ್ಗೆ ಬೇರೆ ವರದಿಗಳೂ ಹೋಗಿದ್ದವು.

ಅದೇ 26ರ ಮಧ್ಯಾಹ್ನ ಇನ್ನೊಂದು ಊಟ. ಎ.ಬಿ.ಸಿ. ಟೆಲಿವಿಷನ್ನಿನ ವರದಿಗಾರ ಜಾನ್ ಸ್ಕಾಲಿಯನ್ನು ರಾಯಭಾರ ಕಚೇರಿಯ 'ಫೋಮಿನ್' ಎಂಬಾತ ಹೋಟೆಲೊಂದಕ್ಕೆ ಕರೆದ. ನಿಜವಾದ ಹೆಸರು ಅಲೆಕ್ಸಾಂಡರ್ ಫೆಕ್ಲಿಸೊವ್, ವಾಷಿಂಗ್ಟನ್ನಿನಲ್ಲಿ ಕೆ.ಜಿ.ಬಿ. ಮುಖ್ಯಸ್ಥ. ಕ್ಷಿಪಣಿ ವಾಪಸು, ದಾಳಿ ಇಲ್ಲವೆಂಬ ಭರವಸೆ ಎಂಬ ಸೂತ್ರ ಆ ಮೇಜಿನ ಮೇಲೆ ಹುಟ್ಟಿತು. ಸ್ಕಾಲಿ ಓಡಿಹೋಗಿ ಸರ್ಕಾರಕ್ಕೆ ತಿಳಿಸಿದರು. ಆ ರಾತ್ರಿ ಕ್ರುಶ್ಚೇವ್ ಪತ್ರವೂ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ಅಮೆರಿಕನ್ನರಿಗೆ ಇದು ಒಂದೇ ಪ್ರಸ್ತಾಪದ ಎರಡು ತುಂಡುಗಳೆಂದು ಖಾತ್ರಿಯಾಯಿತು. ಬಹುಕಾಲ ಸ್ಕಾಲಿಯೇ ಈ ಕಥೆಯ ನಾಯಕನಾಗಿ ಮೆರೆದದ್ದೂ ಉಂಟು. ಆದರೆ ಸೋವಿಯತ್ ಕಡತ ತೆರೆದಾಗ ಕಂಡದ್ದೇನು? ಫೆಕ್ಲಿಸೊವ್‌ಗೆ ಅಂಥ ಪ್ರಸ್ತಾಪ ಮಾಡುವ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ. ಆತನ ತಂತಿ ಮಾಸ್ಕೋ ಸೇರುವ ಮೊದಲೇ ಕ್ರುಶ್ಚೇವ್ ಪತ್ರ ಹೊರಟಾಗಿತ್ತು. ಸೂತ್ರ ಹೇಳಿದ್ದು ಸ್ಕಾಲಿ ಎಂದು ಫೆಕ್ಲಿಸೊವ್, ಫೆಕ್ಲಿಸೊವ್ ಎಂದು ಸ್ಕಾಲಿ ಕೊನೆಯವರೆಗೂ ವಾದಿಸಿದರು.

ಸೈಕಲ್ ಹುಡುಗ, ಟೆಲಿಪ್ರಿಂಟರ್

ಇಂಥ ಗೊಂದಲಕ್ಕೆ ಆಸ್ಪದ ಸಿಕ್ಕಿದ್ದಾದರೂ ಹೇಗೆ? ಕ್ರುಶ್ಚೇವ್‌ರ 26ರ ಪತ್ರ ಮಾಸ್ಕೋದಿಂದ ವಾಷಿಂಗ್ಟನ್ ತಲುಪಲು ಸುಮಾರು ಹನ್ನೆರಡು ಗಂಟೆ ಹಿಡಿಯಿತು. ಸೋವಿಯತ್ ರಾಯಭಾರಿ ಅನಾತೊಲಿ ಡೊಬ್ರಿನಿನ್ ತಮ್ಮ ನೆನಪುಗಳಲ್ಲಿ ಬರೆದಿರುವಂತೆ, ಅವರ ಸಂಕೇತ ತಂತಿಗಳನ್ನು ಒಯ್ಯಲು ತಂತಿ ಕಂಪನಿಯ ಹುಡುಗನೊಬ್ಬ ಸೈಕಲ್ ತುಳಿದು ಬರುತ್ತಿದ್ದ. ಹುಡುಗ ದಾರಿಯಲ್ಲಿ ಎಲ್ಲೂ ನಿಲ್ಲದಿರಲಪ್ಪ ಎಂದು ರಾಯಭಾರ ಕಚೇರಿಯವರು ಹಾರೈಸಬೇಕಿತ್ತು. ಇಷ್ಟೆಲ್ಲ ಆಗುವಷ್ಟರಲ್ಲಿ ಸುದ್ದಿಸಂಸ್ಥೆಗಳು ಜಗತ್ತಿಗೇ ಸುದ್ದಿ ಮುಟ್ಟಿಸಿರುತ್ತಿದ್ದವು. ಹಾಗಾಗಿ ತುರ್ತು ಮಾತನ್ನು ರೇಡಿಯೊದಲ್ಲಿ ಹೇಳಿಬಿಡುವುದೇ ವಾಸಿ ಎಂದು ಕ್ರುಶ್ಚೇವ್ ತೀರ್ಮಾನಿಸಿದರು.

27ರ ಬೆಳಿಗ್ಗೆ ಸಭೆ ನಡೆಯುತ್ತಿದ್ದಾಗಲೇ ತುರ್ಕಿಯ ಬೇಡಿಕೆ ಟೆಲಿಪ್ರಿಂಟರಿನಲ್ಲಿ ಬಂತು. ಸುದ್ದಿಸಂಸ್ಥೆಯ ಆ ತುಣುಕನ್ನು ಕೆನಡಿಯವರೇ ಓದಿ ಹೇಳಿದರು. ಸಲಹೆಗಾರರು ಒಪ್ಪಲಿಲ್ಲ: ತುರ್ಕಿಯನ್ನು ಕೈಬಿಟ್ಟರೆ ಮಿತ್ರರಾಷ್ಟ್ರಗಳು ನಮ್ಮನ್ನು ನಂಬುವುದಿಲ್ಲ. ಕೆನಡಿ ಮತ್ತೆ ಮತ್ತೆ ಹೇಳಿದ್ದು ಒಂದೇ: ಯಾವ ವಿವೇಕಿಗೂ ಇದು ನ್ಯಾಯವಾದ ವಿನಿಮಯವೆಂದೇ ಕಾಣುತ್ತದೆ. ಆ ಶನಿವಾರವೇ ಕ್ಯೂಬಾದ ಮೇಲೆ ಯು-2 ವಿಮಾನವೊಂದನ್ನು ಹೊಡೆದುರುಳಿಸಲಾಯಿತು. ಮೇಜರ್ ರುಡಾಲ್ಫ್ ಆಂಡರ್ಸನ್ ಸತ್ತರು. ಇನ್ನೊಂದು ಯು-2 ದಾರಿ ತಪ್ಪಿ ಸೋವಿಯತ್ ಗಡಿಯೊಳಕ್ಕೆ ಹೋಗಿ ಬಂತು. ಸಮುದ್ರದಾಳದಲ್ಲಿ ಬಿ-59 ಜಲಾಂತರ್ಗಾಮಿಯ ಕ್ಯಾಪ್ಟನ್ ಅಣ್ವಸ್ತ್ರ ಟಾರ್ಪೆಡೊ ಸಜ್ಜುಗೊಳಿಸಲು ಮುಂದಾದಾಗ ವಾಸಿಲಿ ಅರ್ಖಿಪೊವ್ ಎಂಬ ಅಧಿಕಾರಿ ತಡೆದರು. ಕ್ಯೂಬಾದಲ್ಲಿ ಹತ್ತು ಸಾವಿರದಷ್ಟು ಸೋವಿಯತ್ ಸೈನಿಕರಿರಬಹುದು ಎಂದು ಅಮೆರಿಕನ್ನರು ಅಂದಾಜಿಸಿದ್ದರು. ಇದ್ದವರು ಸುಮಾರು 42 ಸಾವಿರ, ಜೊತೆಗೆ ರಣರಂಗದಲ್ಲಿ ಬಳಸುವ ಅಣ್ವಸ್ತ್ರಗಳೂ. ಇದು ಅಂದಿನ ಅಮೆರಿಕದ ನಾಯಕರ ಕಿವಿಗೆ ಬಿದ್ದದ್ದು 1992ರಲ್ಲಿ, ಹವಾನಾದ ಸಮ್ಮೇಳನವೊಂದರಲ್ಲಿ!

ಆ ಸಂಜೆ ರಾಬರ್ಟ್ ಕೆನಡಿ ಡೊಬ್ರಿನಿನ್‌ರನ್ನು ತಮ್ಮ ಕಚೇರಿಗೆ ಕರೆಸಿಕೊಂಡು ಮಾತು ಕೊಟ್ಟರು: ತುರ್ಕಿಯ ಕ್ಷಿಪಣಿಗಳನ್ನು ನಾಲ್ಕೈದು ತಿಂಗಳಲ್ಲಿ ತೆಗೆಯುತ್ತೇವೆ; ಆದರೆ ಇದು ಎಲ್ಲಿಯೂ ಬಾಯಿಬಿಡಬಾರದ ಮಾತು. ಮರುದಿನ, 28ರ ಭಾನುವಾರ, ಕ್ಷಿಪಣಿಗಳನ್ನು ಕಿತ್ತು ವಾಪಸು ತರುವುದಾಗಿ ಮಾಸ್ಕೋ ರೇಡಿಯೊ ಸಾರಿತು. ಯಾರ ನೆಲದ ಮೇಲೆ ಇದೆಲ್ಲ ನಡೆಯಿತೋ ಆ ಫಿಡೆಲ್ ಕ್ಯಾಸ್ಟ್ರೊಗೆ ಮೊದಲೇ ಹೇಳಿದವರಿಲ್ಲ. 'ರೆವಲ್ಯೂಸಿಯನ್' ಪತ್ರಿಕೆಯ ಸಂಪಾದಕ ಕಾರ್ಲೋಸ್ ಫ್ರಾಂಕಿ, ಟೆಲಿಪ್ರಿಂಟರಿನಲ್ಲಿ ಬಂದ ಸುದ್ದಿ ನೋಡಿ ದೂರವಾಣಿ ಮಾಡಿದಾಗಲೇ ಅವರಿಗೆ ಗೊತ್ತಾದದ್ದು. ಕ್ಯಾಸ್ಟ್ರೊ ಬಾಯಿಂದ ಹೊರಟ ಬೈಗುಳಗಳು ಅಚ್ಚಿಗೆ ಯೋಗ್ಯವಲ್ಲ.

ದೆಹಲಿಗೆ ತಟ್ಟಿದ ಬಿಸಿ

ಈಗ 'ಪ್ರಾವ್ದಾ' ಸಂಪಾದಕೀಯಕ್ಕೆ ಮರಳಬೇಕು. ಅಕ್ಟೋಬರ್ 20ರಂದು ಚೀನಾ ನೇಫಾ ಮತ್ತು ಲಡಾಖ್ ಎರಡೂ ಕಡೆ ದಾಳಿ ಆರಂಭಿಸಿತ್ತು. ಭಾರತಕ್ಕೆ ಮಿಗ್ ವಿಮಾನ ಕೊಡಲು ಒಪ್ಪಿದ್ದ, ಗಡಿಯ ವಿಷಯದಲ್ಲಿ ತಟಸ್ಥವಾಗಿದ್ದ ಮಾಸ್ಕೋ ಈಗ ಚೀನಾದ ಷರತ್ತುಗಳನ್ನು ಒಪ್ಪಿಕೊಳ್ಳಿ ಎನ್ನತೊಡಗಿತು. ನೆಹರೂಗೆ ಇದು ಬರಸಿಡಿಲು. ಅದರ ಕಾರಣ ಹಿಮಾಲಯದಲ್ಲಿರಲಿಲ್ಲ, ಕೆರಿಬಿಯನ್ ಸಮುದ್ರದಲ್ಲಿತ್ತು. ಅಮೆರಿಕದ ಜೊತೆ ಯುದ್ಧವೇ ಆಗಬಹುದಾದ ಹೊತ್ತಿನಲ್ಲಿ ಕ್ರುಶ್ಚೇವ್‌ಗೆ ಕಮ್ಯುನಿಸ್ಟ್ ಬಣದ ಒಗ್ಗಟ್ಟು ಬೇಕಿತ್ತು. ಅದರ ಬೆಲೆಯನ್ನು ತೆತ್ತದ್ದು ಭಾರತ. ಕ್ಯೂಬಾ ಬಿಕ್ಕಟ್ಟು ಕರಗಿದ ಮೇಲೆ, ನವೆಂಬರ್ 5ರಂದು, ಅದೇ ಪತ್ರಿಕೆ ಮತ್ತೆ ತಟಸ್ಥ ಧಾಟಿಗೆ ಮರಳಿತು. ಹನ್ನೊಂದು ದಿನಗಳ ಅಂತರದಲ್ಲಿ ಬಂದ ಈ ಎರಡು ಬರಹಗಳನ್ನು ಜೊತೆಗಿಟ್ಟು ಓದಿದರೆ ಸಾಕು, ಮಹಾಶಕ್ತಿಯೊಂದರ ಸ್ನೇಹ ಎಷ್ಟು ದೂರ ಬರುತ್ತದೆ ಎಂಬುದು ತಿಳಿಯುತ್ತದೆ.

ಚೀನಾ ಕ್ಯೂಬಾದ ಗದ್ದಲವನ್ನು ನೋಡಿಯೇ ದಾಳಿ ಮಾಡಿತು ಎಂಬ ಮಾತು ನಮ್ಮಲ್ಲಿ ಈಗಲೂ ಕೇಳಿಬರುತ್ತದೆ. ತಾರೀಖುಗಳು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಬೀಜಿಂಗ್‌ನ ತೀರ್ಮಾನ ಮೊದಲೇ ಆಗಿತ್ತು. ಕೆನಡಿ ಕ್ಷಿಪಣಿಯ ವಿಷಯವನ್ನು ಜಗತ್ತಿಗೆ ಹೇಳಿದ್ದು ದಾಳಿ ಶುರುವಾಗಿ ಎರಡು ದಿನಗಳ ಮೇಲೆ.

ದೆಹಲಿಯಲ್ಲಿದ್ದ ಅಮೆರಿಕದ ರಾಯಭಾರಿ, ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೇತ್ ಸ್ಥಿತಿ ಇನ್ನೂ ವಿಚಿತ್ರ. ಏಷ್ಯಾದ ಎರಡು ದೊಡ್ಡ ದೇಶಗಳು ಯುದ್ಧಕ್ಕಿಳಿದಿದ್ದರೂ ವಾಷಿಂಗ್ಟನ್ನಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹೆಚ್ಚುಕಡಿಮೆ ಸ್ವಂತ ತೀರ್ಮಾನದ ಮೇಲೆಯೇ ಅವರು ದಿನ ದೂಡಿದರು. ಮ್ಯಾಕ್‌ಮಹೊನ್ ರೇಖೆಯನ್ನು ಅಮೆರಿಕ ಅಂತರರಾಷ್ಟ್ರೀಯ ಗಡಿಯೆಂದು ಪರಿಗಣಿಸುತ್ತದೆ ಎಂಬ ಹೇಳಿಕೆ ಹೊರಬಿದ್ದದ್ದೂ 27ರಂದೇ. 29ರಂದು ನೆಹರೂ ಅವರೊಡನೆ ಶಸ್ತ್ರಾಸ್ತ್ರ ನೆರವಿನ ಮಾತನಾಡಿದರು. ಅಲಿಪ್ತ ನೀತಿಯ ಶಿಲ್ಪಿಗೆ ಆ ಮಾತು ಎಷ್ಟು ಕಹಿಯಾಗಿದ್ದೀತು! 25ರ ಭಾಷಣದಲ್ಲಿ ಅವರು ಹೇಳಿದ ಕೃತಕ ವಾತಾವರಣ, ಲಿಪ್‌ಮನ್ ಹೇಳಿದ ತಲೆಯೊಳಗಿನ ಚಿತ್ರಕ್ಕಿಂತ ಬೇರೆಯೇನಲ್ಲ.

ಗೆದ್ದವರು ಬರೆಸಿದ ಕಥೆ

ಬಿಕ್ಕಟ್ಟು ಮುಗಿಯಿತು, ಕಥೆ ಕಟ್ಟುವ ಕೆಲಸ ಶುರುವಾಯಿತು. ಡಿಸೆಂಬರ್ ಮೊದಲ ವಾರ 'ಸ್ಯಾಟರ್ಡೆ ಈವನಿಂಗ್ ಪೋಸ್ಟ್' ವಾರಪತ್ರಿಕೆಯಲ್ಲಿ ಸ್ಟೂವರ್ಟ್ ಆಲ್ಸಪ್ ಮತ್ತು ಚಾರ್ಲ್ಸ್ ಬಾರ್ಟ್‌ಲೆಟ್ ಬರೆದ 'ಒಳಮನೆಯ ಕಥೆ' ಬಂತು. ಸ್ಟೂವರ್ಟ್, ಹಿಂದೆ ಹೇಳಿದ ಜೋಸೆಫ್ ಆಲ್ಸಪ್‌ರ ತಮ್ಮ. ಬಾರ್ಟ್‌ಲೆಟ್ ಕೆನಡಿಯ ಆಪ್ತಮಿತ್ರ. ಅಧ್ಯಕ್ಷರು ಬಂಡೆಯಂತೆ ನಿಂತರು, ರಷ್ಯನ್ನರು ಹಿಮ್ಮೆಟ್ಟಿದರು. ಆದರೆ ವಿಶ್ವಸಂಸ್ಥೆಯಲ್ಲಿನ ರಾಯಭಾರಿ ಅಡ್ಲಾಯ್ ಸ್ಟೀವನ್‌ಸನ್ ಮಾತ್ರ ತುರ್ಕಿಯ ನೆಲೆ ಬಿಟ್ಟುಕೊಟ್ಟು ಇನ್ನೊಂದು ಮ್ಯೂನಿಕ್ ಮಾಡಲು ಹೊರಟಿದ್ದರು ಎಂಬ ಆರೋಪ ಅದರಲ್ಲಿತ್ತು. ಹೇಳಿದವರು ಹೆಸರಿಲ್ಲದ ಅಧಿಕಾರಿ. ಆ ಲೇಖನದ ಕರಡನ್ನು ಕೆನಡಿಯವರೇ ಮೊದಲು ಓದಿದ್ದರು ಎಂಬುದು ಬಹಳ ಕಾಲದ ಮೇಲೆ ತಿಳಿಯಿತು. ತುರ್ಕಿಯ ನೆಲೆಯನ್ನು ಗುಟ್ಟಾಗಿ ಬಿಟ್ಟುಕೊಟ್ಟವರು ಅದೇ ಕೆನಡಿ!

ರಾಬರ್ಟ್ ಕೆನಡಿಯವರ 'ಥರ್ಟೀನ್ ಡೇಸ್' ಅವರ ಹತ್ಯೆಯ ಮರುವರ್ಷ, 1969ರಲ್ಲಿ ಪ್ರಕಟವಾಯಿತು. ಸಂಪಾದಿಸಿದವರು ಕೆನಡಿಯ ಭಾಷಣ ಬರಹಗಾರ ಥಿಯೊಡರ್ ಸೊರೆನ್‌ಸನ್. ತುರ್ಕಿಯ ಮಾತು ಒಪ್ಪಂದದ ಸ್ಪಷ್ಟ ಭಾಗವಾಗಿತ್ತೆಂದು ರಾಬರ್ಟ್ ದಿನಚರಿಯಲ್ಲಿದ್ದುದನ್ನು ತಾವೇ ತೆಗೆದುಹಾಕಿದ್ದಾಗಿ ಸೊರೆನ್‌ಸನ್ 1989ರಲ್ಲಿ, ಮಾಸ್ಕೋದ ಸಮ್ಮೇಳನದಲ್ಲಿ, ಡೊಬ್ರಿನಿನ್ ಎದುರಿಗೇ ಒಪ್ಪಿಕೊಂಡರು. ಶ್ವೇತಭವನದ ಧ್ವನಿಸುರುಳಿಗಳ ಪಠ್ಯ ಪುಸ್ತಕವಾಗಿ ಬಂದದ್ದು 1997ರಲ್ಲಿ.

ಇಷ್ಟು ವರ್ಷ ಸುಳ್ಳು ಬದುಕಿದ್ದರಿಂದ ನಷ್ಟ ಯಾರಿಗಾಯಿತು? 27ರ ಸಂಜೆ ತುರ್ಕಿಯ ಗುಟ್ಟು ಹೇಳಿಕೊಂಡ ಚಿಕ್ಕ ಗುಂಪಿನಲ್ಲಿ ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಇರಲಿಲ್ಲ. ಒಂದು ವರ್ಷದಲ್ಲಿ ಕೆನಡಿ ಕೊಲೆಯಾಗಿ ಜಾನ್ಸನ್ ಅಧ್ಯಕ್ಷರಾದರು. ಅವರಿಗೆ ಗೊತ್ತಿದ್ದ ಕ್ಯೂಬಾ, ಪತ್ರಿಕೆಗಳಲ್ಲಿ ಬಂದ ಕ್ಯೂಬಾ: ಬಲ ತೋರಿಸಿದರೆ ಎದುರಾಳಿ ಬಗ್ಗುತ್ತಾನೆ. 1965ರ ಜುಲೈ 28ರಂದು ವಿಯೆಟ್ನಾಮಿಗೆ ಇನ್ನಷ್ಟು ಸೈನ್ಯ ಕಳುಹಿಸುವುದಾಗಿ ಪ್ರಕಟಿಸುವಾಗ ಅವರು ಮತ್ತೆ ಹಿಟ್ಲರ್ ಮತ್ತು ಮ್ಯೂನಿಕ್‌ನ ಮಾತೆತ್ತಿದರು. ಆ ಯುದ್ಧಕ್ಕೆ ಕ್ಯೂಬಾದ ಅರ್ಧಸತ್ಯವೊಂದೇ ಕಾರಣವಲ್ಲ, ನಿಜ. ಆದರೆ ಕೊಟ್ಟು ತೆಗೆದುಕೊಂಡೇ 1962ರಲ್ಲಿ ಬದುಕಿದ್ದು ಎಂಬುದು ಮೇಜಿನ ಸುತ್ತ ಕೂತ ಎಲ್ಲರಿಗೂ ಗೊತ್ತಿದ್ದಿದ್ದರೆ ಆ ಚರ್ಚೆ ಬೇರೆಯಾಗಿರುತ್ತಿತ್ತು.

ಮಾಸ್ಕೋ ಮತ್ತು ವಾಷಿಂಗ್ಟನ್ ನಡುವೆ ನೇರ ಸಂಪರ್ಕ ಏರ್ಪಡಿಸುವ ಒಪ್ಪಂದಕ್ಕೆ 1963ರ ಜೂನ್ 20ರಂದು ಸಹಿ ಬಿತ್ತು. ಸಿನಿಮಾಗಳಲ್ಲಿ ತೋರಿಸುವ ಕೆಂಪು ದೂರವಾಣಿಯಲ್ಲ ಅದು, ಟೆಲಿಪ್ರಿಂಟರ್. ಮಾತಿಗಿಂತ ಬರಹ ವಾಸಿ ಎಂದು ಎರಡೂ ಕಡೆಯವರಿಗೆ ಅನಿಸಿತ್ತು. ತುರ್ಕಿಯ ಕೊನೆಯ ಜೂಪಿಟರ್ ಅದೇ ವರ್ಷ ಏಪ್ರಿಲ್‌ನಲ್ಲಿ ಇಳಿಯಿತು. ಹಳೆಯದಾಗಿದ್ದ ಕ್ಷಿಪಣಿಗಳನ್ನು ತೆಗೆದೆವು ಎಂಬುದು ಸರ್ಕಾರದ ವಿವರಣೆ. ಅಡ್ಲಾಯ್ ಸ್ಟೀವನ್‌ಸನ್ 1965ರ ಜುಲೈ 14ರಂದು ಲಂಡನ್ನಿನ ಬೀದಿಯೊಂದರಲ್ಲಿ ನಡೆದು ಹೋಗುತ್ತಿದ್ದಾಗ ಕುಸಿದು ತೀರಿಕೊಂಡರು. ತಾನು ಹೇಳಿ ಬೈಸಿಕೊಂಡದ್ದನ್ನೇ ಅಧ್ಯಕ್ಷರು ಮಾಡಿದ್ದರು ಎಂದು ಸಾರ್ವಜನಿಕವಾಗಿ ಹೇಳುವವರು ಆಗ ಒಬ್ಬರೂ ಇರಲಿಲ್ಲ.